ನಲವತ್ತೊಂದು ಕಪ್ಪು ಚುಕ್ಕಿ

ಫೆಬ್ರವರಿ ೪

ಅಪ್ಪನವರಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಮಗಳು ರಾಜಿಗೆ ಬಂದಳು ಎಂದು ಅಮ್ಮನ ಹತ್ತಿರ ಹೇಳಬೇಡಿ, ಬಂದಿಲ್ಲ. ನಿಮ್ಮ ಫೋನ್ ಬಂದರೆ ಈಗಲೂ ಎತ್ತುವುದಿಲ್ಲ. ಒಂದು ಪ್ರಶ್ನೆ ಇದೆ. ಅದಕ್ಕೆ ಉತ್ತರ ಕೊಡಬಲ್ಲವರು ನನಗೆ ಗೊತ್ತಿರುವವರಲ್ಲಿ ನೀವೊಬ್ಬರೇ, ಮೂವತ್ತೆರಡು ವರ್ಷ ಎಕ್ಸ್-ರೇ ಕೋಣೆಯಲ್ಲಿ ಕಳೆದವರು. ಉತ್ತರ ಸಾಕು, ಉಪದೇಶ ಬೇಡ.

ನನ್ನ ಸಕ್ಕರೆ ಕಾಯಿಲೆಗೆಂದು ಆಸ್ಪತ್ರೆಯ ಒಂದು ಅಧ್ಯಯನಕ್ಕೆ ಸೇರಿದ್ದೇನೆ. ಡಿಸೆಂಬರಿನಲ್ಲಿ ಕಸಿ ಆಯಿತು. ತೀರಿಕೊಂಡ ಯಾರೋ ಪುಣ್ಯಾತ್ಮರ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ತೆಗೆದು, ನನ್ನ ಲಿವರಿಗೆ ಹೋಗುವ ರಕ್ತನಾಳದಲ್ಲಿ ಹರಿಸಿದರು. ಅವು ಲಿವರಿನಲ್ಲೇ ಅಲ್ಲಲ್ಲಿ ಕೂತು ಕೆಲಸ ಮಾಡಬೇಕಂತೆ. ಒಳಗೆ ಹೋದ ಮೇಲೆ ಅವನ್ನು ಕಣ್ಣಿಟ್ಟು ಕಾಯುವುದು ಹೇಗೆ? ಅದಕ್ಕೆ ಮೊದಲೇ ಅವಕ್ಕೆ ಕಬ್ಬಿಣದ ಅತಿ ಸಣ್ಣ ಪುಡಿ ಉಣಿಸಿದ್ದಾರೆ. ಎಂಆರ್‌ಐ ಚಿತ್ರದಲ್ಲಿ ಕಬ್ಬಿಣ ಇರುವ ಜಾಗ ಕಪ್ಪಾಗಿ ಕಾಣುತ್ತದೆ. ಹೋದ ವಾರದ ಚಿತ್ರದಲ್ಲಿ ಬೂದು ಲಿವರಿನ ಮೇಲೆ ನಲವತ್ತೊಂದು ಕಪ್ಪು ಚುಕ್ಕಿ ಎಣಿಸಿದ್ದಾರೆ.

ಸ್ಕ್ಯಾನ್ ಡಾಕ್ಟರ್ ನನ್ನ ವಯಸ್ಸಿನ ಹೆಂಗಸು, ಒಳ್ಳೆಯವರು. "ಚೆನ್ನಾಗಿ ಕಾಣ್ತಿದೆ" ಎಂದರು. ಹಾಗೆ ಹೇಳುವವರು ಫಿಲ್ಮನ್ನು ನೋಡಿಯೇ ಇರುವುದಿಲ್ಲ ಎಂದು ನೀವು ಊಟದ ಮೇಜಿನಲ್ಲಿ ಸಾವಿರ ಸಲ ಹೇಳಿದ್ದೀರಿ. ಆದ್ದರಿಂದ ಚಿತ್ರಗಳ ಪ್ರತಿಯನ್ನೇ ಇಟ್ಟಿದ್ದೇನೆ. ಈ ಚುಕ್ಕಿಗಳು ಬದುಕಿವೆಯೇ, ಇಲ್ಲವೇ? ಕಡ್ಡಿ ಮುರಿದ ಹಾಗೆ ಹೇಳಿ.

ಇಂತಿ,
ಉಗ್ರಾಣದ ಗುಮಾಸ್ತೆ
(ಹಿಂದೆ ಕ್ರೇನ್ ಚಾಲಕಿ)


ಫೆಬ್ರವರಿ ೧೩

ಪ್ರೀತಿಯ ಕಡ್ಡಿ,

ಕಡ್ಡಿ ಎಂದು ಅಡ್ಡಹೆಸರು ಇಟ್ಟುಕೊಂಡವಳೇ ಕಡ್ಡಿ ಮುರಿದ ಹಾಗೆ ಹೇಳಿ ಎನ್ನುತ್ತೀಯ, ಸರಿ. ಇದು ಐದನೆಯ ಪತ್ರ. ಮೊದಲ ನಾಲ್ಕರಲ್ಲಿ ಉಪದೇಶವಿದೆ ಎಂದು ನಿನ್ನ ಅಮ್ಮ ಹರಿದು ಹಾಕಿದಳು.

ಚಿತ್ರಗಳನ್ನು ಅಡುಗೆಮನೆಯ ಕಿಟಕಿಯ ಗಾಜಿಗೆ ಅಂಟಿಸಿ ಭೂತಗನ್ನಡಿ ಹಿಡಿದು ನೋಡಿದೆ. ಮೂರು ದಿನದಿಂದ ಒಲೆಯ ಮೇಲೆ ಬಿಸಿಲು ಬೀಳುತ್ತಿಲ್ಲ ಎಂದು ಇಲ್ಲಿ ಒಬ್ಬರ ಗೊಣಗಾಟ. ನನ್ನ ಲೆಕ್ಕಕ್ಕೆ ನಲವತ್ತೊಂದಲ್ಲ, ಮೂವತ್ತೊಂಬತ್ತು. ಆರನೆಯ ಹಾಳೆಯ ಎರಡು ಚುಕ್ಕಿಗಳು ಏಳನೆಯದರಲ್ಲಿ ಗೆರೆಯಾಗಿ ಮುಂದೆ ಹೋಗಿವೆ. ಅವು ಅಡ್ಡ ಕತ್ತರಿಸಿದ ರಕ್ತನಾಳಗಳು. ನಿನ್ನ ಡಾಕ್ಟರಿಗೆ ಹೇಳು, ಬೇಜಾರು ಮಾಡಿಕೊಳ್ಳುವುದು ಬೇಡ.

ಇನ್ನು ನಿನ್ನ ಪ್ರಶ್ನೆ. ಎಂಆರ್‌ಐ ನನ್ನ ಯಂತ್ರವಲ್ಲ. ಅದು ನಮ್ಮ ಆಸ್ಪತ್ರೆಗೆ ಬರುವ ಹೊತ್ತಿಗೆ ನಾನು ಮನೆಗೆ ಬಂದಿದ್ದೆ. ಆದರೂ ಪುಸ್ತಕ ತರಿಸಿ ಓದಿದೆ. ಚುಕ್ಕಿ ಹೇಳುವುದು ಕಬ್ಬಿಣ ಎಲ್ಲಿದೆ ಎಂದು, ಅಷ್ಟೇ. ಅದು ಬಾಗಿಲ ಮೇಲಿನ ವಿಳಾಸ ಇದ್ದ ಹಾಗೆ. ಒಳಗೆ ಜನ ಇದ್ದಾರೋ ಬಿಟ್ಟು ಹೋಗಿದ್ದಾರೋ ವಿಳಾಸಕ್ಕೆ ಗೊತ್ತಿಲ್ಲ. ಜನ ಇದ್ದಾರೆಯೇ ಎಂಬುದಕ್ಕೆ ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆ ಇದೆ. ಹೊರಗಿನಿಂದ ಚುಚ್ಚಿಕೊಂಡ ಇನ್ಸುಲಿನ್ನಿನಲ್ಲಿ ಅದು ಇರುವುದಿಲ್ಲ, ಮೈಯೇ ಮಾಡಿದ್ದರಲ್ಲಿ ಮಾತ್ರ ಇರುತ್ತದೆ. ಅದನ್ನು ಕೇಳಿ ಪಡೆದುಕೋ. ಚುಕ್ಕಿ, ರಕ್ತ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲ ತಿಂಗಳುಗಳಲ್ಲಿ ಚುಕ್ಕಿ ಕಡಿಮೆಯಾಗುತ್ತವಂತೆ. ಹೆದರಬೇಡ. ಇದು ಉಪದೇಶವಲ್ಲ.

ನಿನ್ನ
ಅಪ್ಪ


ಮಾರ್ಚ್ ೨೦

ಅಪ್ಪನವರಿಗೆ,

ನಿಮ್ಮ ಎರಡು ರಕ್ತನಾಳಗಳನ್ನು ಡಾಕ್ಟರಿಗೆ ತೋರಿಸಿದೆ. ಅವರು ನಕ್ಕು, ಲೆಕ್ಕವನ್ನು ಮೂವತ್ತೊಂಬತ್ತಕ್ಕೆ ತಿದ್ದಿ, ನಿಮ್ಮ ತಂದೆಗೆ ಕೆಲಸ ಬೇಕಂತಾ ಎಂದು ಕೇಳಿದರು. ನಾನು ಮಾತ್ರ ಮೊದಲು ಹೇಳಿದ ನಲವತ್ತೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಸಿ-ಪೆಪ್ಟೈಡ್ ಇದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ಮೈ ತಾನೇ ಇನ್ಸುಲಿನ್ ಮಾಡುತ್ತಿದೆ. ದಿನಕ್ಕೆ ನಲವತ್ತನಾಲ್ಕು ಯೂನಿಟ್ ಚುಚ್ಚಿಕೊಳ್ಳುತ್ತಿದ್ದವಳು ಈಗ ಹತ್ತಕ್ಕೆ ಬಂದಿದ್ದೇನೆ.

ಆದರೆ ನನಗೆ ಬೇಕಾದದ್ದು ಅದಲ್ಲ ಎಂದು ನಿಮಗೆ ಗೊತ್ತು. ಸಕ್ಕರೆ ಇಳಿಯುವಾಗ ಬೇರೆಯವರಿಗೆ ಬೆವರು ಬರುತ್ತದೆ, ಕೈ ನಡುಗುತ್ತದೆ. ಆ ಎಚ್ಚರಿಕೆ ನನಗೆ ನಿಂತು ಒಂಬತ್ತು ವರ್ಷವಾಯಿತು. ನೆಟ್ಟಗೆ ಕೂತಿರುತ್ತೇನೆ, ಮರುಕ್ಷಣ ಪ್ರಜ್ಞೆ ಇರುವುದಿಲ್ಲ. ಅದಕ್ಕೇ ಅಲ್ಲವೇ ನೀವು ಆ ಪತ್ರ ಬರೆದದ್ದು? ಇಲ್ಲಿ ಬರೆದೇ ಬಿಡುತ್ತೇನೆ. ಕ್ರೇನಿನ ಕ್ಯಾಬಿನ್ನಿನಲ್ಲಿ ನಾಲ್ಕು ನಿಮಿಷ ಎಚ್ಚರ ತಪ್ಪಿದ್ದೆ. ಯಾರಿಗೂ ಗೊತ್ತಾಗಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಅಮ್ಮನಿಗೆ ಮಾತ್ರ ಹೇಳಿದೆ. ಅಮ್ಮ ನಿಮಗೆ ಹೇಳಿದಳು. ನೀವು ನನ್ನನ್ನು ಒಂದು ಮಾತು ಕೇಳದೆ ನಮ್ಮ ಮೇಸ್ತ್ರಿಗೆ ಎರಡು ಸಾಲು ಬರೆದಿರಿ. ಮೂರನೆಯ ದಿನ ನನ್ನನ್ನು ಕೆಳಗಿಳಿಸಿ ಉಗ್ರಾಣದಲ್ಲಿ ಕೊಕ್ಕೆ, ಸರಪಳಿ ಎಣಿಸಲು ಕೂರಿಸಿದರು. ಹನ್ನೊಂದು ವರ್ಷ ಮೇಲಿದ್ದವಳು. ನಾನು ಮತ್ತೆ ಮೇಲೆ ಹತ್ತುತ್ತೇನೆ, ನೀವು ನೋಡುತ್ತೀರಿ.

ಕಸಿಯನ್ನು ಕಾಪಾಡುವ ಮಾತ್ರೆಗಳಿಂದ ರಕ್ತ ತೆಳುವಾಗಿದೆ. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಅದನ್ನು ತೋರಿಸಲು ದೊಡ್ಡಾಸ್ಪತ್ರೆಯಲ್ಲಿ ಸರದಿ ಸಿಕ್ಕಿರುವುದು ಮೇ ತಿಂಗಳಿಗೆ.

ಇಂತಿ,
ಉಗ್ರಾಣದವಳು


ಮಾರ್ಚ್ ೨೬

ಪ್ರೀತಿಯ ಕಡ್ಡಿ,

ಎಂಟು ಎಂದರೆ ಮೇವರೆಗೆ ಕಾಯುವ ಮಾತಲ್ಲ. ನಿನ್ನ ಮನೆಯಿಂದ ಎರಡು ರಸ್ತೆ ಆಚೆಗೆ, ಔಷಧಿ ಅಂಗಡಿಯ ಮೇಲಿನ ಚಿಕಿತ್ಸಾಲಯದಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ದಾದಿ ಇದ್ದಾಳೆ. ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿ ಆಗಿದೆ. ಅಲ್ಲಿಯ ಡಾಕ್ಟರ್ ಒಪ್ಪಿದ್ದಾರೆ. ರಕ್ತನಾಳಕ್ಕೇ ಕಬ್ಬಿಣದ ಡ್ರಿಪ್ ಹಾಕುತ್ತಾರೆ. ವಾರಕ್ಕೊಂದರಂತೆ ನಾಲ್ಕು ಸಲ. ಸೋಮವಾರ ಹೋಗು. ಮೊಂಡು ಹಿಡಿಯಬೇಡ.

ಮೇಸ್ತ್ರಿಯ ವಿಷಯ ಬೇರೆ. ಅದನ್ನು ಪತ್ರದಲ್ಲಿ ಬರೆಯಲು ನನಗೆ ಬರುವುದಿಲ್ಲ.

ನಿನ್ನ
ಅಪ್ಪ


ಮೇ ೧೮

ಅಪ್ಪನವರಿಗೆ,

ಚುಕ್ಕಿಗಳು ಹೋದವು.

ಮೊನ್ನೆ ಎರಡನೆಯ ಸ್ಕ್ಯಾನ್ ಆಯಿತು. ಒಂದೂ ಕಾಣುವುದಿಲ್ಲ. ಅದಕ್ಕೆ ಹತ್ತು ದಿನ ಮೊದಲು ಎದೆಯ ಸೋಂಕಿನಿಂದ ಜ್ವರ ಬಂದು ಮಲಗಿದ್ದೆ, ಸಕ್ಕರೆ ಏರಿತ್ತು, ಸಿ-ಪೆಪ್ಟೈಡ್ ಅರ್ಧಕ್ಕೆ ಇಳಿದಿತ್ತು. ಚಿತ್ರದಲ್ಲಿ ಇಲ್ಲ, ರಕ್ತದಲ್ಲಿ ಕಡಿಮೆ, ಎರಡೂ ಒಟ್ಟಿಗೆ ಬಂದರೆ ಕಸಿ ವಿಫಲ ಎಂದು ಅಧ್ಯಯನದ ನಿಯಮ. ಆಗ ಕಸಿ ಕಾಪಾಡುವ ಮಾತ್ರೆಗಳನ್ನು ನಿಲ್ಲಿಸಬೇಕು. ಅಧ್ಯಯನ ನಡೆಸುವ ದೊಡ್ಡ ಡಾಕ್ಟರ್ ಅದರ ಒಪ್ಪಿಗೆ ಕಾಗದ ಮುಂದಿಟ್ಟು ಸಮಾಧಾನವಾಗಿಯೇ ಹೇಳಿದರು: ಲಾಭವಿಲ್ಲದ ಮಾತ್ರೆ ನುಂಗಿ ಸೋಂಕನ್ನು ಏಕೆ ಕರೆದುಕೊಳ್ಳುತ್ತೀರಿ? ಅವರು ಕೆಟ್ಟವರಲ್ಲ. ಆದರೆ ಮಾತ್ರೆ ನಿಲ್ಲಿಸಿದರೆ, ಬದುಕಿರುವ ಕೋಶಗಳಿದ್ದರೂ ಕೆಲವೇ ವಾರದಲ್ಲಿ ನನ್ನ ಮೈಯೇ ಅವನ್ನು ಕೊಲ್ಲುತ್ತದೆ. ಮತ್ತೆ ನಲವತ್ತನಾಲ್ಕು ಯೂನಿಟ್, ಮತ್ತೆ ಎಚ್ಚರಿಕೆಯಿಲ್ಲದ ಮೈ, ಸಾಯುವವರೆಗೂ ಉಗ್ರಾಣ.

ನಾನು ಸಹಿ ಹಾಕಿಲ್ಲ. ಮೂರು ವಾರ ಗಡುವು ಕೇಳಿ ಬಂದಿದ್ದೇನೆ. ಕಾರಣ ಏನು ಎಂದರು. ನನಗೆ ಮನಸ್ಸಿಲ್ಲ ಎಂದೆ. ಅದನ್ನು ಬರೆಯಲು ಅವರ ಫಾರಂನಲ್ಲಿ ಜಾಗ ಇರಲಿಲ್ಲ, ಅಂಚಿನಲ್ಲಿ ಬರೆಸಿದೆ. ಮಾತ್ರೆಗಳಲ್ಲಿ ಏನಾದರೂ ಬದಲಾವಣೆ ಇದೆಯೇ ಎಂದು ಕೇಳಿದರು, ಇಲ್ಲ ಎಂದೆ. ಡ್ರಿಪ್ಪುಗಳಿಂದ ಹಿಮೋಗ್ಲೋಬಿನ್ ಹತ್ತೂವರೆ ಆಗಿದೆ, ಅಷ್ಟರ ಮಟ್ಟಿಗೆ ಉಪಕಾರ.

ಹಳೆಯ ಹಾಳೆಗಳಷ್ಟೇ ಹೊಸ ಹಾಳೆಗಳನ್ನೂ ಇಟ್ಟಿದ್ದೇನೆ. ನೋಡಿ. ಅಲ್ಲಿ ಏನೂ ಇಲ್ಲ ಎಂದು ನೀವೂ ಹೇಳುವುದಾದರೆ ಉತ್ತರ ಬರೆಯಬೇಡಿ.

ಇಂತಿ,
ಉಗ್ರಾಣದವಳು


ಮೇ ೨೩

ಕಡ್ಡಿ,

ಇದು ನಾನು ಮಾಡಿದ ಕೆಲಸ.

ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಕಿಟಕಿಗೆ ಅಂಟಿಸಿದೆ. ಚುಕ್ಕಿ ಹುಡುಕುತ್ತಾ ಒಂದು ಗಂಟೆ ಕಳೆದೆ. ನಿನ್ನ ಅಮ್ಮ ಬಂದು ಎರಡು ಕ್ಷಣ ನೋಡಿ, "ಇದ್ಯಾಕೆ ಪೂರ್ತಿ ಕಪ್ಪಾಗಿದೆ?" ಎಂದಳು. ನಾನು ಚುಕ್ಕಿಗಳನ್ನೇ ನೋಡುತ್ತಿದ್ದೆ, ಲಿವರನ್ನು ನೋಡಿರಲೇ ಇಲ್ಲ. ಮೊದಲ ಚಿತ್ರದಲ್ಲಿ ಬೂದಾಗಿದ್ದ ಲಿವರ್ ಈಗ ಇಡಿಯಾಗಿ ಕಪ್ಪು. ಆಮೇಲೆ ಗುಲ್ಮ, ಅಂದರೆ ಸ್ಪ್ಲೀನ್, ನೋಡಿದೆ. ಒಂಬತ್ತನೆಯ ಹಾಳೆ, ಬಲಗಡೆ ಅಂಚು. ಅದೂ ಕಪ್ಪು. ಗುಲ್ಮಕ್ಕೆ ಯಾರೂ ಕೋಶ ಹಾಕಿಲ್ಲ. ಹಾಗಾದರೆ ಅಲ್ಲಿಗೆ ಕಬ್ಬಿಣ ಎಲ್ಲಿಂದ ಬಂತು?

ನಾಲ್ಕು ಡ್ರಿಪ್ಪಿನಿಂದ ಬಂತು. ರಕ್ತ ಬಳಸಿಕೊಂಡು ಉಳಿದ ಕಬ್ಬಿಣವನ್ನು ಮೈ ಲಿವರಿನಲ್ಲೂ ಗುಲ್ಮದಲ್ಲೂ ಕೂಡಿಡುತ್ತದೆ. ಎಕ್ಸ್-ರೇ ಫಿಲ್ಮಿಗೆ ಅದರ ಗಂಧವೂ ತಿಳಿಯುವುದಿಲ್ಲ, ಅದಕ್ಕೇ ನನ್ನ ಹಳೆಯ ತಲೆಗೆ ಹೊಳೆಯಲಿಲ್ಲ. ಆದರೆ ಚುಕ್ಕಿ ಎಂದರೆ ಕಬ್ಬಿಣ ಎಂದು ನಿನಗೆ ಪಾಠ ಹೇಳಿದವನು ನಾನೇ. ಅದೇ ಕೈಯಿಂದ ನಿನ್ನನ್ನು ಕಬ್ಬಿಣ ಹಾಕಿಸಿಕೊಳ್ಳಲು ಕಳಿಸಿದೆ. ದಾದಿಗೆ ಎಲ್ಲ ಹೇಳಿದೆ ಎಂದು ಬರೆದಿದ್ದೆ. ಸ್ಕ್ಯಾನಿನ ವಿಷಯ ಹೇಳಿರಲಿಲ್ಲ. ನಿನ್ನ ಡಾಕ್ಟರನ್ನು ಒಂದು ಮಾತು ಕೇಳು ಎಂದು ನಿನಗೂ ಹೇಳಲಿಲ್ಲ. ಅವರು ಕೇಳಿದ್ದು ಮಾತ್ರೆಗಳ ಬಗ್ಗೆ, ನೀನು ಹೇಳಿದ್ದು ಮಾತ್ರೆಗಳ ಬಗ್ಗೆ. ತಪ್ಪು ನಿನ್ನದಲ್ಲ.

ಚುಕ್ಕಿಗಳು ಇವೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಆ ಚಿತ್ರದಿಂದ ಯಾರಿಗೂ ಗೊತ್ತಾಗುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಸಾಸಿವೆ ಚೆಲ್ಲಿ ಎಣಿಸಿದವರು, ಈಗ ಕಪ್ಪು ಬಟ್ಟೆಯ ಮೇಲೆ ಹುಡುಕಿ ಸಾಸಿವೆ ಇಲ್ಲ ಎನ್ನುತ್ತಿದ್ದಾರೆ. ರಕ್ತದ ಲೆಕ್ಕವೂ ಜ್ವರದ ದಿನಗಳದ್ದು. ಇಂಥ ಎರಡು ಸಾಕ್ಷಿ ನಂಬಿ ಯಾರೂ ಸಹಿ ಹಾಕಬಾರದು. ಹಾಕಬೇಡ.

ಇದನ್ನೆಲ್ಲ ಸ್ಕ್ಯಾನ್ ಡಾಕ್ಟರಿಗೆ ಬರೆದಿದ್ದೇನೆ. ನನ್ನ ತಪ್ಪು ಎಂದು ಮೊದಲ ಸಾಲಿನಲ್ಲೇ ಇದೆ. ಆ ಪತ್ರವನ್ನು ಅವರಿಗೆ ಕಳಿಸಿಲ್ಲ, ಅಂಟಿಸದೆ ಇದರ ಜೊತೆ ನಿನಗೆ ಕಳಿಸುತ್ತಿದ್ದೇನೆ. ನಿನ್ನನ್ನು ಕೇಳದೆ ನಿನ್ನ ಬದುಕಿನಲ್ಲಿ ಎರಡು ಸಲ ಕೈ ಹಾಕಿದ್ದೇನೆ. ಮೂರನೆಯ ಸಲ ಹಾಕುವುದಿಲ್ಲ. ಬೇಕಾದರೆ ಕೊಡು, ಬೇಡವಾದರೆ ಹರಿದು ಹಾಕು.

ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ಇದನ್ನು ಬರೆಯಬಾರದೆಂದಿದ್ದೆ, ನಿನ್ನ ಅಮ್ಮ ಬರೆಯಿರಿ ಎಂದಳು.

ಅಪ್ಪ


ಜೂನ್ ೮

ಅಪ್ಪನವರಿಗೆ,

ಪತ್ರವನ್ನು ಹರಿಯಲಿಲ್ಲ, ಕೊಡಲೂ ಇಲ್ಲ. ನಾನೇ ಓದಿ ಹೇಳಿದೆ. ನನ್ನ ಲಿವರಿನ ಬಗ್ಗೆ ಮಾತಾಡಲು ನನಗೆ ನಾಲಿಗೆ ಇದೆ.

ಉದ್ದ ಮೇಜಿನ ಕೋಣೆ, ಗೋಡೆಯ ಮೇಲೆ ದೊಡ್ಡ ಪರದೆ. ದೊಡ್ಡ ಡಾಕ್ಟರ್ ಅದೇ ಕಾಗದವನ್ನು ಮತ್ತೆ ನನ್ನ ಕಡೆ ತಳ್ಳಿ ನಿಯಮದ ರಾಗ ಎಳೆಯಲು ಶುರು ಮಾಡಿದರು. ನಾನು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ. "ಮೊದಲು ಒಂಬತ್ತನೇ ಹಾಳೆ ತೆಗೀರಿ. ಗುಲ್ಮ ತೋರಿಸಿ. ಆಮೇಲೆ ಸಹಿ ಮಾತಾಡೋಣ" ಎಂದೆ. ನಮ್ಮ ಅಪ್ಪ ಡ್ರಿಪ್ ಹಾಕಿಸಿದ್ದರು, ನಾನು ನಿಮಗೆ ಹೇಳಲಿಲ್ಲ, ಆ ತಪ್ಪು ನಮ್ಮ ಮನೆಯದು ಎಂದೂ ಹೇಳಿದೆ. ದೊಡ್ಡ ಡಾಕ್ಟರ್ ಏನೋ ಹೇಳಹೊರಟರು. ಅಷ್ಟರಲ್ಲಿ ಸ್ಕ್ಯಾನ್ ಡಾಕ್ಟರ್ ತಾವೇ ಎದ್ದು ಎರಡೂ ತಿಂಗಳ ಚಿತ್ರಗಳನ್ನು ಪಕ್ಕಪಕ್ಕ ಹಾಕಿದರು. ಆಮೇಲೆ ಅವರು ನನ್ನ ಕಡೆಗಲ್ಲ, ಪರದೆಯ ಕಡೆಗೇ ತಿರುಗಿಕೊಂಡು, "ಇದನ್ನ ನಾನು ನೋಡಬೇಕಿತ್ತು" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಾಗೆ ಒಪ್ಪಿಕೊಳ್ಳಲು ಧೈರ್ಯ ಬೇಕು, ಅದು ಎಲ್ಲರಿಗೂ ಇರುವುದಿಲ್ಲ.

ಮರುದಿನ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಅಳತೆಯ ಪೇಯ ಕುಡಿಸಿ ಇನ್ನೊಂದು ಸಲ ರಕ್ತ ತೆಗೆದರು. ಸಿ-ಪೆಪ್ಟೈಡ್ ಮಾರ್ಚಿನಷ್ಟಿಲ್ಲ, ಆದರೆ ಮೇಯಲ್ಲಿದ್ದದ್ದಕ್ಕಿಂತ ಚೆನ್ನಾಗಿ ಮೇಲಿದೆ. ಜನ ಮನೆಯಲ್ಲಿದ್ದಾರೆ, ಅಪ್ಪ. ವಿಳಾಸ ಅಳಿಸಿದೆ, ಅಷ್ಟೇ.

ಅಕ್ಟೋಬರಿನವರೆಗೆ ಮಾತ್ರೆ ಮುಂದುವರಿಸಲು ಒಪ್ಪಿದ್ದಾರೆ. ಮತ್ತೆ ಸೋಂಕು ಬರಬಹುದು, ಮುಂದಿನ ಸಲ ಇನ್ನೂ ಜೋರಾಗಿರಬಹುದು ಎಂದು ದೊಡ್ಡ ಡಾಕ್ಟರ್ ಎಚ್ಚರಿಸಿದರು. ಗೊತ್ತಿದ್ದೇ ಒಪ್ಪಿದ್ದೇನೆ ಎಂದು ಬರೆದುಕೊಟ್ಟೆ. ಆ ಕಾಗದಕ್ಕೆ ಮಾತ್ರ ಸಂತೋಷವಾಗಿ ಸಹಿ ಹಾಕಿದೆ.

ಡ್ರಿಪ್ಪನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಮೇಸ್ತ್ರಿಯ ಪತ್ರವನ್ನು ಇನ್ನೂ ಇಲ್ಲ. ಊಟ ಮಾಡಿ.

ಇಂತಿ,
ಉಗ್ರಾಣದವಳು


ಅಕ್ಟೋಬರ್ ೨೭

ಅಪ್ಪನವರಿಗೆ,

ಮೂರು ಸುದ್ದಿ ಇವೆ. ಲಿವರ್ ಮತ್ತೆ ಬೂದಿಗೆ ತಿರುಗುತ್ತಿದೆ, ಕೂಡಿಟ್ಟ ಕಬ್ಬಿಣವನ್ನು ನನ್ನ ತೆಳು ರಕ್ತವೇ ಎಳೆದುಕೊಂಡಿತಂತೆ. ಹದಿನೇಳು ಚುಕ್ಕಿ ಕಂಡವು. ನಲವತ್ತೊಂದರಲ್ಲಿ ಹದಿನೇಳು, ನಿಮ್ಮ ಲೆಕ್ಕದಲ್ಲಿ ಮೂವತ್ತೊಂಬತ್ತರಲ್ಲಿ. ಉಳಿದವು ಸತ್ತವೋ, ಕಬ್ಬಿಣ ಕಳೆದುಕೊಂಡು ಕಾಣದೆ ಕೂತಿವೆಯೋ ಹೇಳಲು ಬರುವುದಿಲ್ಲ ಎಂದು ಸ್ಕ್ಯಾನ್ ಡಾಕ್ಟರ್ ನೇರವಾಗಿ ಹೇಳಿದರು. "ಚೆನ್ನಾಗಿ ಕಾಣ್ತಿದೆ" ಎನ್ನುವುದನ್ನು ಅವರು ಬಿಟ್ಟಿದ್ದಾರೆ. ಮಾತ್ರೆಗಳನ್ನು ಮುಂದುವರಿಸುತ್ತಾರೆ. ದಿನಕ್ಕೆ ಎಂಟು ಯೂನಿಟ್ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಪೂರ್ತಿ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ.

ಎರಡನೆಯದು. ಜುಲೈಯಲ್ಲಿ ಒಂದು ಮಧ್ಯಾಹ್ನ ಉಗ್ರಾಣದಲ್ಲಿ ಕೊಕ್ಕೆಗಳ ಪಟ್ಟಿ ಮಾಡುತ್ತಿದ್ದೆ. ಅಕ್ಷರ ಸೊಟ್ಟಗಾಯಿತು. ನೋಡಿದರೆ ಪೆನ್ನು ಹಿಡಿದ ಕೈ ನಡುಗುತ್ತಿದೆ. ಹಣೆ ಒದ್ದೆ. ಏನೆಂದು ಒಂದು ಕ್ಷಣ ಅರ್ಥವೇ ಆಗಲಿಲ್ಲ, ಒಂಬತ್ತು ವರ್ಷವಾಗಿತ್ತಲ್ಲ. ಬೆರಳು ಚುಚ್ಚಿ ನೋಡಿದೆ, ಸಕ್ಕರೆ ಅರವತ್ತೆರಡು. ಇಳಿಯುತ್ತಿತ್ತು, ಮೈ ನನ್ನನ್ನು ಕೂಗಿ ಕರೆದಿತ್ತು. ಪೆಟ್ಟಿಗೆಯ ಮೇಲೆ ಕೂತು ಸಕ್ಕರೆ ಬಾಯಿಗೆ ಹಾಕಿಕೊಂಡು ಅತ್ತೆ. ಆವತ್ತೇ ಬರೆಯಬೇಕೆನಿಸಿತ್ತು, ಒಂದೇ ಸಲದ್ದಾಗಿದ್ದರೆ ಎಂದು ಹೆದರಿ ಬರೆಯಲಿಲ್ಲ. ಆಮೇಲೆ ಹನ್ನೊಂದು ಸಲ ಇಳಿಯಿತು. ಹನ್ನೊಂದು ಸಲವೂ ಮೊದಲೇ ನಡುಗಿತು. ಎಲ್ಲ ಬರೆದಿಟ್ಟಿದ್ದೇನೆ.

ಮೂರನೆಯದು. ಕಂಪನಿಯ ಡಾಕ್ಟರ್ ಒಪ್ಪಿದರು. ತೋಳಿಗೆ ಸಕ್ಕರೆ ಅಳೆಯುವ ಯಂತ್ರ, ಇಳಿದರೆ ಗಂಟೆ, ಹತ್ತುವ ಮೊದಲು ಒಮ್ಮೆ, ಮೇಲೆ ಎರಡು ಗಂಟೆಗೊಮ್ಮೆ ಪರೀಕ್ಷೆ. ಉಳಿದಿರುವುದು ಮೇಸ್ತ್ರಿಯ ಸಹಿ. ಅವರು ಫೈಲು ತೆರೆದು ನಿಮ್ಮ ಎರಡು ಸಾಲು ತೋರಿಸಿದರು. ಮಡಿಕೆ ಕೂಡ ಹಾಳಾಗಿಲ್ಲ. "ಹೆತ್ತ ಅಪ್ಪನೇ ಬೇಡ ಅಂದಮೇಲೆ ನಾನು ಹೆಂಗಮ್ಮ ಹತ್ತಿಸಲಿ?" ಎಂದರು.

ಆದ್ದರಿಂದ ಕೇಳುತ್ತಿದ್ದೇನೆ. ಇನ್ನೊಂದು ಪತ್ರ ಬರೆಯಿರಿ. ಬೇಡಿಕೊಳ್ಳುವ ಪತ್ರ ಬೇಡ.

ಇಂತಿ,
ಸದ್ಯಕ್ಕೆ ಉಗ್ರಾಣದವಳು


ನವೆಂಬರ್ ೨

(ಕಡ್ಡಿ, ಇದು ಮೇಸ್ತ್ರಿಗೆ. ಮೊದಲು ನೀನು ಓದು. ಸರಿ ಎನಿಸಿದರೆ ಕೊಡು. — ಅಪ್ಪ)

ಮೇಸ್ತ್ರಿಯವರಿಗೆ,

ನಮಸ್ಕಾರ. ಎರಡೂವರೆ ವರ್ಷದ ಹಿಂದೆ ನಾನು ಬರೆದ ಪತ್ರ ನಿಮ್ಮ ಫೈಲಿನಲ್ಲಿದೆ ಎಂದು ತಿಳಿಯಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅಲ್ಲೇ ಇರಲಿ. ಆವತ್ತು ನನ್ನ ಮಗಳು ಎಚ್ಚರ ತಪ್ಪಿದಾಗ ಕೊಕ್ಕೆಯಲ್ಲಿ ಮೂರು ಟನ್ ಸಲಾಕೆ ನೇತಾಡುತ್ತಿತ್ತು, ಕೆಳಗೆ ಹನ್ನೆರಡು ಜನ ಕೆಲಸ ಮಾಡುತ್ತಿದ್ದರು. ಅವಳೊಬ್ಬಳ ಜೀವದ ಮಾತಾಗಿದ್ದರೆ ಅವಳ ಕಾಲು ಹಿಡಿದು ಬೇಡಿಕೊಳ್ಳುತ್ತಿದ್ದೆ, ನಿಮಗೆ ಬರೆಯುತ್ತಿರಲಿಲ್ಲ. ಆ ಹನ್ನೆರಡು ಜನರಿಗೂ ಅಪ್ಪಂದಿರಿದ್ದರು. ಆದರೆ ಅವಳನ್ನು ಕೇಳದೆ, ಅವಳ ಬೆನ್ನ ಹಿಂದೆ ಬರೆದೆ. ಅದು ತಪ್ಪು. ಮೊದಲು ಅವಳ ಮುಖ ನೋಡಿ ಹೇಳಬೇಕಿತ್ತು. ಹೆದರಿದೆ.

ಈ ಪತ್ರವನ್ನು ಅವಳೇ ಓದಿ ನಿಮ್ಮ ಕೈಗೆ ಕೊಡುತ್ತಿದ್ದಾಳೆ.

ಡಾಕ್ಟರರ ಕಾಗದಗಳು ನಿಮ್ಮ ಮುಂದಿವೆ, ನಾನು ಅದಕ್ಕೆ ಸೇರಿಸುವುದು ಒಂದೇ ಮಾತು. ಕ್ರೇನ್ ನಡೆಸುವವರ ಕೈ ನಡುಗಬಾರದು ಎಂದು ನಿಮ್ಮ ನಿಯಮ ಇರಬಹುದು. ನನ್ನ ಮಗಳ ಕೈ ಹಿಂದೆ ನಡುಗುತ್ತಿರಲಿಲ್ಲ, ಅದಕ್ಕೇ ಅವಳನ್ನು ಕೆಳಗಿಳಿಸಿ ಎಂದೆ. ಈಗ ನಡುಗುತ್ತದೆ. ಹತ್ತಿಸಿ.

ಇಂತಿ,
ಅವಳ ಅಪ್ಪ


ಡಿಸೆಂಬರ್ ೯

ಅಪ್ಪ,

ಪತ್ರ ಕೊಟ್ಟೆ. ಮೇಸ್ತ್ರಿ ಎರಡು ಸಲ ಓದಿ, ಹಳೆಯದರ ಮೇಲೆಯೇ ಪಿನ್ನು ಹಾಕಿ, ನಿಮ್ಮಪ್ಪ ಭಾರೀ ಆಸಾಮಿ ಎಂದರು.

ನಿನ್ನೆ ಹತ್ತಿದೆ. ನೂರ ಎಂಬತ್ತನಾಲ್ಕು ಮೆಟ್ಟಿಲು, ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ. ಸೀಟಿನ ಚರ್ಮ ಹರಿದಿದೆ, ಯಾರೋ ನನ್ನ ಕನ್ನಡಿಯ ಕೋನ ಬದಲಾಯಿಸಿದ್ದಾರೆ. ಸರಿಮಾಡಿಕೊಂಡೆ.

ಹನ್ನೊಂದೂಕಾಲಿಗೆ ಸಲಾಕೆಯ ಕಟ್ಟು ಎತ್ತಿದ್ದೆ. ಕೈ ನಡುಗಿತು. ತೋಳಿನ ಗಂಟೆ ಇನ್ನೂ ಹೊಡೆದಿರಲಿಲ್ಲ. ಕಟ್ಟನ್ನು ನೆಲಕ್ಕಿಳಿಸಿ, ಯಂತ್ರ ನಿಲ್ಲಿಸಿ, ರೇಡಿಯೋದಲ್ಲಿ ಹೇಳಿದೆ: "ಹದಿನೈದು ನಿಮಿಷ ನಿಲ್ಲಿ. ನನ್ನ ಕೈ ನಡುಗ್ತಿದೆ." ಕೆಳಗೆ ಎಲ್ಲರೂ ಒಮ್ಮೆ ತಲೆ ಎತ್ತಿ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. ಮೇಸ್ತ್ರಿ ಕೈ ಎತ್ತಿದರು, ಅವರೆಲ್ಲ ನೆರಳಿಗೆ ಹೋಗಿ ಕೂತು ನೀರು ಕುಡಿದರು. ನಾನು ಸಕ್ಕರೆ ತಿಂದು, ಕಾದು, ಬೆರಳು ಚುಚ್ಚಿ ನೋಡಿ, ಮತ್ತೆ ಎತ್ತಿದೆ.

ಮೇಲಿನಿಂದ ಎಣಿಸಿದೆ. ನಿನ್ನೆ ಹದಿನಾಲ್ಕು ಜನ ಇದ್ದರು.

ಫೋನ್ ಮಾಡಿದರೆ ಎತ್ತುತ್ತೇನೆ. ಕೆಲಸದ ಹೊತ್ತಿನಲ್ಲಿ ಮಾಡಬೇಡಿ.

ನಿಮ್ಮ ಮಗಳು,
ಕ್ರೇನ್ ಚಾಲಕಿ